ಅಚ್ಚಿನ ಡಬ್ಬಿಯಲ್ಲಿ ಕುಲಾವಿ

ಅವತ್ತು ನನ್ನ ಕಾಲು ನೆಲದ ಮೇಲಿರಲಿಲ್ಲ. ಅವಧಿಗೆ ಮೊದಲೇ ಹುಟ್ಟಿ, ಶಿವಮೊಗ್ಗದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಮಗಳು ಹಿಂದಿನ ಸಂಜೆ ತೀರ್ಥಹಳ್ಳಿಯ ಅಜ್ಜಿಮನೆಗೆ ಬಂದಿದ್ದಳು. ಅಲ್ಲಿಯವರೆಗೆ ಗಾಜಿನಾಚೆಯಿಂದ ನೋಡಿದ್ದೇ ಬಂತು, ಮುಟ್ಟಿರಲಿಲ್ಲ. ಮಗುವಿಗೆ ಸೋಂಕು ತಗುಲದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೆಂಡತಿಗೆ ಒತ್ತಿ ಹೇಳಿದ್ದರಂತೆ. ನಾನು ಫೋನಿನಲ್ಲಿ ಹೂಂ ಅಂದಿದ್ದೆ. ಸೋಂಕು ಕೆಮ್ಮು ನೆಗಡಿಯವರ ವಿಷಯ. ನಾನು ಗುಂಡುಕಲ್ಲಿನ ಹಾಗಿದ್ದೆ.

ನಾನು ಸಾಗರದ ಒಂದು ಹಲ್ಲಿನ ಆಸ್ಪತ್ರೆಯ ವ್ಯಾನ್ ಡ್ರೈವರ್. ಹೊಸನಗರ, ತೀರ್ಥಹಳ್ಳಿಗಳಲ್ಲಿ ನಮ್ಮ ಸಣ್ಣ ಕ್ಲಿನಿಕ್ಕುಗಳಿವೆ. ಹಲ್ಲು ಕಟ್ಟಿಸುವವರ ಬಾಯಿಂದ ಅಲ್ಲಿನ ಡಾಕ್ಟರು ತೆಗೆದ ಅಚ್ಚುಗಳನ್ನು ಸಾಗರದ ಲ್ಯಾಬಿಗೆ ತರುವುದು, ತಯಾರಾದ ಹಲ್ಲನ್ನು ವಾಪಸ್ ಒಯ್ಯುವುದು ನನ್ನ ಕೆಲಸ. ಅವತ್ತು ತೀರ್ಥಹಳ್ಳಿಯ ಸರದಿ. ಇನ್ನೇನು ಹೊರಡಬೇಕು, ಕರೆ ಬಂತು. ಹಲ್ಲಿಗೆ ಕೈ ಹಾಕದ ಸಿಬ್ಬಂದಿಗೆಲ್ಲ ಸೋಂಕು ತಡೆಯುವ ತರಬೇತಿಯಂತೆ. ರಿಸೆಪ್ಷನ್ನಿನವರು, ಕ್ಯಾಶಿಯರ್, ಕಸ ಗುಡಿಸುವವರು, ನಾನು.

ಸಿಟ್ಟು ನೆತ್ತಿಗೇರಿತು. "ನಾನೇನು ಹಲ್ಲು ಕೀಳ್ತೀನಾ ಸಿಸ್ಟರ್? ಸ್ಟೇರಿಂಗ್ ಹಿಡಿಯೋನಿಗೆ ಎಂತಕ್ಕೆ ಈ ಪಾಠ?"

ಪಾಠಕ್ಕೆ ನಿಂತಿದ್ದ ಹಿರಿಯ ಸಿಸ್ಟರ್ ನಕ್ಕರು. "ವ್ಯಾನಿಂದ ನಿಮ್ಮ ಅಚ್ಚಿನ ಡಬ್ಬಿ ತನ್ನಿ ಅಣ್ಣ, ಹೇಳ್ತೀನಿ."

ತಂದು ಮೇಜಿನ ಮೇಲೆ ಕುಕ್ಕಿದೆ. ಅವರು ಗ್ಲೌಸ್ ಹಾಕಿಕೊಂಡು ಮುಚ್ಚಳ ತೆಗೆದರು. ಹಿಂದಿನ ದಿನ ಹೊಸನಗರದಿಂದ ತಂದು, ಲ್ಯಾಬಿಗೆ ಕೊಡಲು ಬಾಕಿಯಿದ್ದ ಅಚ್ಚುಗಳು. ಪಕ್ಕದಲ್ಲಿ ನನ್ನ ಬುತ್ತಿ. ಅದರ ಮೇಲೆ ಮಗಳಿಗೆಂದು ಕೊಂಡಿದ್ದ ಹಳದಿ ಕುಲಾವಿ. ಅಚ್ಚಿನ ಕವರು ಎಲ್ಲೋ ತೂತಾಗಿ ಕುಲಾವಿಯ ಅಂಚು ಒದ್ದೆಯಾಗಿತ್ತು.

"ಇದು ಯಾರದ್ದು?"

"ನನ್ನ ಮಗಳಿಗೆ. ಇವತ್ತೇ ಮೊದಲ ಸಲ ಎತ್ಕೊಳ್ತೀನಿ!"

ಎಲ್ಲರೂ ಹೋ ಎಂದು ಚಪ್ಪಾಳೆ ತಟ್ಟಿದರು. ಸಿಸ್ಟರ್ ತಟ್ಟಲಿಲ್ಲ. "ಅಣ್ಣ, ಅಚ್ಚು ಅಂದ್ರೆ ಎಂತ? ಯಾರದೋ ಬಾಯಿಂದ ಬಂದದ್ದು. ಎಂಜಲು. ಒಂದೊಂದ್ಸಲ ರಕ್ತಾನೂ ಇರ್ತದೆ. ಯಾರಿಗೆ ಎಂತ ಕಾಯಿಲೆ ಅಂತ ಮುಖ ನೋಡಿದ್ರೆ ಗೊತ್ತಾಗಲ್ಲ."

ಎಂಜಲು! ಗೋಡೆಗೆ ಅಂಟಿಸಿದ್ದ ಇನ್‌ಫೆಕ್ಷನ್ ಕಂಟ್ರೋಲ್ ಚಿತ್ರಗಳನ್ನೆಲ್ಲ ಕಂಡೂ ಕಾಣದವನಂತೆ ಓಡಾಡಿದ ನನಗೆ ಈ ಮನೆಮಾತು ನೇರ ನಾಟಿತು. ಯಾರಾದರೂ ಉಣ್ಣುವ ಕೈಯಲ್ಲಿ ಸೌಟು ಮುಟ್ಟಿದರೆ ರಂಪ ಮಾಡುವವನು ನಾನು. ಈಗ ನೋಡಿದರೆ ಊರವರ ಎಂಜಲು ನನ್ನ ಮಗಳ ಕುಲಾವಿಯಲ್ಲಿ. ಹೆದರಿಕೆಯ ಬೆನ್ನಿಗೇ ಎಂಥದೋ ಹುರುಪು ಹತ್ತಿತು. ಕಣ್ಣು ಹಾಯಿಸಿದಲ್ಲೆಲ್ಲ ಎಂಜಲೇ ಕಾಣತೊಡಗಿತು. ಅಚ್ಚು ಹಿಡಿದ ಕೈಯಲ್ಲೇ ನಾನು ತೆರೆಯುವ ಬಾಗಿಲು, ರಿಸೆಪ್ಷನ್ನಿನ ಫೋನು, ಎಲ್ಲರೂ ಮುಟ್ಟುವ ಚಹಾದ ಫ್ಲಾಸ್ಕು. ನಮ್ಮ ಕ್ಯಾಶಿಯರಂತೂ ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ; ಬಿಲ್ಲಿನ ಹಾಳೆ ತಿರುವುವಾಗ ಬೆರಳಿಗೆ ಎಂಜಲು ಹಚ್ಚುವುದರಲ್ಲಿ ಮಾತ್ರ ಕರ್ಣ! ಜೋರಾಗಿ ಹೇಳಿಯೇಬಿಟ್ಟೆ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಕ್ಯಾಶಿಯರ್ ಕೂಡ.

ಅಚ್ಚನ್ನು ಕ್ಲಿನಿಕ್ಕಿನವರು ಔಷಧಿ ನೀರಿನಲ್ಲಿ ಅದ್ದಿ ಶುದ್ಧ ಮಾಡಿದ ಮೇಲೆಯೇ ಇಸಿದುಕೊಳ್ಳಬೇಕು, ಅದಕ್ಕೆ ಬೇರೆಯೇ ಡಬ್ಬಿ, ಮುಟ್ಟಿದ ಮೇಲೆ ಉಗುರಿನ ಸಂದಿಯೂ ಬಿಡದಂತೆ ಸೋಪು ಹಾಕಿ ಕೈ ತೊಳೆಯಬೇಕು. ಮತ್ತೆ ಮತ್ತೆ ಮಾಡಿ ತೋರಿಸಿ ಸೈ ಅನ್ನಿಸಿಕೊಂಡೆ. ಬುತ್ತಿ ಕಸಕ್ಕೆ ಹೋಯಿತು. ಕುಲಾವಿಯನ್ನು ಬಿಸಿನೀರಿಗೆ ಹಾಕಲು ಅಲ್ಲೇ ಬಿಟ್ಟು ಹೊರಟೆ. ಹೊಸನಗರ ದಾಟಿದ್ದೇ ತಿಳಿಯಲಿಲ್ಲ. ತೀರ್ಥಹಳ್ಳಿಯಲ್ಲಿ ಅಚ್ಚುಗಳನ್ನು ಹೊಸ ಡಬ್ಬಿಗೆ ಇಳಿಸಿಕೊಂಡವನೇ, ಖುಷಿಯ ಭರದಲ್ಲಿ ಸೀದಾ ಮಾವನ ಮನೆಗೆ ವ್ಯಾನ್ ತಿರುಗಿಸಿದೆ.

ಬಾಗಿಲಲ್ಲೇ ಅತ್ತೆ ಮಗುವನ್ನೆತ್ತಿಕೊಂಡು ನಿಂತಿದ್ದರು. ಕೈ ತಾನಾಗಿ ಮುಂದೆ ಹೋಯಿತು. ಬಟ್ಟೆಗೆ ಬೆರಳು ತಾಗಬೇಕು ಅನ್ನುವಷ್ಟರಲ್ಲಿ ನೆನಪಾಗಿ, ಹಿಂದೆ ಸರಿದು ಬಚ್ಚಲಿಗೆ ಓಡಿದೆ. ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದು ಬಂದಾಗ ಅತ್ತೆಯ ಮುಖ ದಪ್ಪಗಾಗಿತ್ತು.

"ಎಂತ ಅಳಿಯಂದ್ರೇ, ಮಗೂನ ಕಂಡು ಹಿಂಗೆ ಓಡೋದಾ? ಅದೂ ಮೊದಲ ಸಲ, ಬರಿಗೈಲಿ ಬಂದು?"

"ಬರಿಗೈ ಅಲ್ಲ ಅತ್ತೆ, ತೊಳೆದ ಕೈ," ಎಂದು ಎರಡೂ ಕೈ ಚಾಚಿದೆ.

ಮೊಗೆಸೌತೆಕಾಯಿಗಿಂತ ಹಗುರ ನನ್ನ ಮಗಳು. ಮೆಲ್ಲಗೆ ಕೆನ್ನೆ ಸವರಿದೆ. ಅವಳು ಕಣ್ಣು ಮುಚ್ಚಿಕೊಂಡೇ ಮುಖ ಹೊರಳಿಸಿದಳು, ಆ ಬೆರಳನ್ನೇ ಬಾಯಲ್ಲಿ ಗಬಕ್ಕನೆ ಹಿಡಿದು ಚೀಪತೊಡಗಿದಳು. ಸ್ವಲ್ಪ ಹೊತ್ತಿನ ಹಿಂದೆ ಅಚ್ಚು ಎತ್ತಿದ್ದ ಬೆರಳು. ನನ್ನ ಕಣ್ಣಿಂದ ದಳದಳ ನೀರು ಇಳಿಯಿತು. ಒರೆಸಿಕೊಳ್ಳೋಣ ಅಂದರೆ ಒಂದು ಕೈ ಅವಳ ತಲೆಯಡಿ, ಇನ್ನೊಂದು ಅವಳ ಬಾಯಲ್ಲಿ.