ಹುಲ್ಲಿನ ಮಾಳಿಗೆ ಹಾಕಿದ ಸಿದ್ದಬಸಪ್ಪ

ಮಾಳಿಗೆಯ ಮೇಲೆ ಬೇಕೆಂದೇ ಹುಲ್ಲು ಬೆಳೆಸುತ್ತಾರೆ ಎಂಬ ಮಾತನ್ನು ಗುರುಶಾಂತಮ್ಮ ಮೊದಲು ಕೇಳಿದ್ದು ರಾಯದುರ್ಗದ ಜೀನ್ಸ್ ಕಾರ್ಖಾನೆಯಲ್ಲಿ, ಪ್ಯಾಂಟಿನ ದಾರ ಕತ್ತರಿಸುತ್ತ ಕೂತಿದ್ದ ದಿನ. ಹೇಳಿದವಳು ಕಾರ್ಖಾನೆಯ ಒಡತಿ ರೇಖಾ. ದೊಡ್ಡ ಪಟ್ಟಣಗಳಲ್ಲಿ ಹಾಗೆ ಮಾಡುತ್ತಾರಂತೆ. ಮಣ್ಣು ಮಳೆನೀರು ಕುಡಿದು, ನಿಧಾನಕ್ಕೆ ಬಿಡುತ್ತದಂತೆ. ಕಾರ್ಖಾನೆಯ ಮೇಲೂ ಹಾಗೆ ಮಾಡಿಸುವ ಆಸೆ ಅವಳಿಗೆ.

ಗುರುಶಾಂತಮ್ಮನ ಕಿವಿ ನೆಟ್ಟಗಾಯಿತು. ಕಾರ್ಖಾನೆಯ ಪಕ್ಕದ ತಗ್ಗಿನಲ್ಲಿದ್ದದ್ದು ಅವಳ ಮನೆ. ಕಾರ್ಖಾನೆಯ ಕಾಂಕ್ರೀಟು ಮಾಳಿಗೆ ಎದ್ದಾಗಿನಿಂದ ಪ್ರತಿ ಮಳೆಗೂ ಅದರ ನೀರೆಲ್ಲ ಅವಳ ಪಡಸಾಲೆಗೇ ನುಗ್ಗುತ್ತಿತ್ತು. ಎರಡು ಸಲ ಗೋಡೆ ಜರಿದಿತ್ತು. ಮೂರನೆಯದಕ್ಕೆ ಮನೆ ಉಳಿಯುವ ಹಾಗಿರಲಿಲ್ಲ.

ಅಲ್ಲೇ ಬಂಡಲು ಹೊರುತ್ತಿದ್ದ ಸಿದ್ದಬಸಪ್ಪ ನಕ್ಕ. ನಲವತ್ತು ವರ್ಷ ಊರೂರಿಗೆ ಮಣ್ಣಿನ ಮಾಳಿಗೆ ಹಾಕಿಕೊಟ್ಟವನು. ಸಿಮೆಂಟು ಬಂದು ಆ ಕೆಲಸ ಹೋದಮೇಲೆ ತನ್ನೂರು ಡಿ. ಹಿರೇಹಾಳ್ ಬಿಟ್ಟು ಇಲ್ಲಿಗೆ ಬಂದಿದ್ದ.

"ಮಾಳಿಗಿ ಮ್ಯಾಲಿನ ಹುಲ್ಲು ಕಿತ್ತು ಕಿತ್ತು ನನ್ನ ಉಗುರು ಸವದಾವ್ರಿ ಅಮ್ಮಾರ. ಈಗ ಬೆಳೆಸು ಅಂತೀರಿ?"

"ಬೆಳೆಸಿ ತೋರಿಸ್ರಿ ಅಣ್ಣ," ಎಂದಳು ಗುರುಶಾಂತಮ್ಮ. "ಇಲ್ಲಾಂದ್ರ ಮುಂದಿನ ಮಳಿಗೆ ನಿಮ್ಮ ಮನ್ಯಾಗ ನನಗೊಂದು ಮೂಲಿ ಕೊಡ್ರಿ."

ಸಿದ್ದಬಸಪ್ಪ ಕಾರ್ಖಾನೆಯ ಮಾಳಿಗೆಗೆ ನೀರಿಳಿಯದ ಹಾಳೆ ಹಾಸಿ, ರೇಖಾ ಕರೆಸಿದ ಎಂಜಿನಿಯರು ಹೇಳಿದಂತೆ, ಭಾರವಾಗದ ಹಾಗೆ ನಾಲ್ಕೇ ಬೆರಳು ಮಣ್ಣು ಹಾಕಿದ. ಅವನೂ ಗುರುಶಾಂತಮ್ಮನೂ ಕೂಡಿ ಕರಿಕೆ ಹುಲ್ಲು ನೆಟ್ಟರು, ನೀರು ಹೊಯ್ದರು. ಹದಿನೈದು ದಿನಕ್ಕೆ ಅಷ್ಟೂ ಸುಟ್ಟಂತೆ ಒಣಗಿತು. ಗುರುಶಾಂತಮ್ಮ ಒಂದು ಚಿಟಿಕೆ ಮಣ್ಣನ್ನು ನಾಲಿಗೆಗಿಟ್ಟು ನೋಡಿದಳು.

"ಅಣ್ಣ, ಇದು ಚೌಳು ಮಣ್ಣಲ್ಲೇನ್ರಿ?"

"ಮಾಳಿಗಿಗೆ ಮತ್ಯಾವ ಮಣ್ಣು ಹಾಕ್ತಾರವ್ವ?" ಎಂದವನು ಹಣೆ ಬಡಿದುಕೊಂಡ. ಬೇರಿಳಿದು ಸೋರಬಾರದೆಂದು, ಏನೂ ಹುಟ್ಟದ ಉಪ್ಪು ಮಣ್ಣನ್ನೇ ಹುಡುಕಿ ಹುಡುಕಿ ಹಾಕಿದ ಕೈ ಅದು. ಹುಲ್ಲು ಬೆಳೆಸಲೂ ಅದನ್ನೇ ತಂದಿತ್ತು.

ಅಷ್ಟನ್ನೂ ತಾನೇ ಕೆಳಗಿಳಿಸಿದ. ಕೆಂಪು ಮಣ್ಣಿಗೆ ಶೇಂಗಾ ಹೊಟ್ಟು ಕಲಸಿ, ಹಗುರ ಮಾಡಿ ಮತ್ತೆ ಹಾಸಿದ. ಕರಿಕೆ ಹಿಡಿಯಿತು. ಅಷ್ಟರಲ್ಲಿ ಅವನು ಜ್ವರಕ್ಕೆ ಹಾಸಿಗೆ ಹಿಡಿದ.

ದೊಡ್ಡ ಮಳೆ ಬೆಳಿಗ್ಗೆಯೇ ಬಂತು. ಗುರುಶಾಂತಮ್ಮ ಪಾತ್ರೆ ಪಡಗ ಅಟ್ಟಕ್ಕೇರಿಸಿ ಹೊಸ್ತಿಲಲ್ಲಿ ನಿಂತಳು. ಕಾರ್ಖಾನೆಯ ಕೊಳವೆ ಬಹಳ ಹೊತ್ತು ಒಣಗಿಯೇ ಇತ್ತು. ಆಮೇಲೆ ಬೆರಳು ಗಾತ್ರ ನೀರು ಇಳಿದು ಚರಂಡಿ ಹಿಡಿದು ಹೋಯಿತು. ಪಡಸಾಲೆಗೆ ಒಂದು ಹನಿ ಬರಲಿಲ್ಲ.

ಮಧ್ಯಾಹ್ನ ಸುದ್ದಿ ಹೇಳಲು ಸಿದ್ದಬಸಪ್ಪನ ಮನೆಗೆ ಹೋದಳು.

"ಮಳಿ ನಿಂತು ಎಷ್ಟೊತ್ತಾತವ್ವ?"

"ಅಡಿಗಿ ಮಾಡಿ ಉಂಡು ಬಂದೀನ್ರಿ. ಕೊಳವಿ ಇನ್ನಾ ಹನಿಕ್ತೈತಿ."

ಅವನು ಬೆರಳು ಮಡಚಿ ಹೊತ್ತು ಎಣಿಸಿದ. ಅದಾಗಿ ಮೂರು ದಿನಕ್ಕೆ ತೀರಿಕೊಂಡ. ಅಂದು ಅವಳನ್ನು ಕೇಳಿಕೊಂಡದ್ದೇ ಅವನ ಕೊನೆಯ ಮಾತು:

"ಮ್ಯಾಲ ಹತ್ತಿ ನೋಡವ್ವ. ನಾವು ನೆಡದಿದ್ದದ್ದು ಏನೇನು ಹುಟ್ಟೈತಿ, ಕೀಳಬ್ಯಾಡ, ಒಂದೊಂದು ಎಲಿ ಹರಕೊಂಡು ಬಾ."