ವರ್ಡೆಲ್ಲಾ ಕೂತು ಉಂಡ ದಿನ

ನಮ್ಮ ಅಯೋವಾದಲ್ಲಿ ವರ್ಷಕ್ಕೊಮ್ಮೆ ನಡೆಯುವ ಕೌಂಟಿ ಮೇಳದಲ್ಲಿ ಈಗ ಎಲ್ಲರೂ ಕಡ್ಡಿಗೆ ಚುಚ್ಚಿದ ತಿಂಡಿಯನ್ನು ಕಚ್ಚುತ್ತ ತಿರುಗುತ್ತಾರೆ. ಕೂತು ಉಣ್ಣುವುದಕ್ಕೆ ಇವರಿಗೇನು ರೋಗ ಎಂದು ನನಗೆ ಉರಿಯುತ್ತದೆ. ಆಗ ಹಂದಿಗಳ ಕೊಟ್ಟಿಗೆಯ ಪಕ್ಕದಲ್ಲೇ ನಮ್ಮ ಚರ್ಚಿನ ಹೆಂಗಸರು ನಡೆಸುವ ಊಟದ ಮನೆ ಇತ್ತು. ಉದ್ದನೆಯ ಮೇಜುಗಳು, ಮೇಲೆ ಬಿಳಿ ಕಾಗದ, ಹಿಸುಕಿದ ಆಲೂಗಡ್ಡೆಯ ಮೇಲೆ ಕೋಳಿ ನೂಡಲ್ಸ್, ಕೊನೆಗೆ ಸಿಹಿ ಹಣ್ಣಿನ ಪೈ. ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ, ಕಣ್ಣಲ್ಲೂ.

ಬಾಗಿಲಲ್ಲಿ ನನ್ನ ಗೆಳತಿ ವರ್ಡೆಲ್ಲಾ ಬ್ರೆಕ್ಕಿ ನಿಂತಿರುತ್ತಿದ್ದಳು. ಇಪ್ಪತ್ತಾರು ವರ್ಷ ಜನರನ್ನು ಕೂರಿಸಿದವಳು ಅವಳೇ. ಎಷ್ಟು ಜನ ಎಂದು ಕೇಳಿ ಮುಂದಿನ ಖಾಲಿ ಕುರ್ಚಿ ತೋರಿಸುವಳು. ನ್ಯಾಯಾಧೀಶನಾದರೂ ಅಷ್ಟೇ, ಹಂದಿ ತೊಳೆದು ಬಂದವನಾದರೂ ಅಷ್ಟೇ. ಒಮ್ಮೆ ಬ್ಯಾಂಕಿನ ಮ್ಯಾನೇಜರು ಫ್ಯಾನಿನ ಕೆಳಗೇ ಜಾಗ ಬೇಕೆಂದಾಗ, ಬೇಕಾದರೆ ಫ್ಯಾನನ್ನೇ ಮನೆಗೆ ಒಯ್ಯಿರಿ, ಕುರ್ಚಿ ಮಾತ್ರ ಇದೇ ಎಂದಿದ್ದಳು.

ಅವಳ ಗಂಡ ನಾರ್ಬರ್ಟ್ ತೀರಿಕೊಂಡದ್ದು ನಮ್ಮ ಚರ್ಚಿನವನೇ ಆದ ಗೇಲನ್ ಹಸ್‌ನ ಮೆಕ್ಕೆಜೋಳದ ಲಾರಿ ಅವನ ಟ್ರ್ಯಾಕ್ಟರಿಗೆ ಗುದ್ದಿ. ಬೆಳಗಿನ ಬಿಸಿಲು ಕಣ್ಣಿಗೆ ಹೊಡೆದು ಕಾಣಲಿಲ್ಲ ಎಂದ ಗೇಲನ್. ಅದು ನಿಜವೂ ಹೌದು. ಆಮೇಲೆ ಅವನು ಚರ್ಚಿಗೂ ಬರಲಿಲ್ಲ, ಮೇಳಕ್ಕೂ ಬರಲಿಲ್ಲ. ವರ್ಡೆಲ್ಲಾಳನ್ನು ಮಾತ್ರ ಒಂದೇ ಸಂಗತಿ ಕೊರೆಯುತ್ತಿತ್ತು. ಆಂಬುಲೆನ್ಸ್ ಬರುವ ತನಕ ನಾರ್ಬರ್ಟನಿಗೆ ಜೀವವಿತ್ತು, ಹತ್ತಿರ ಇದ್ದವನು ಗೇಲನ್ ಒಬ್ಬನೇ. ಕೊನೆಗೆ ಏನಾದರೂ ಹೇಳಿದನೋ? ತಟ್ಟೆ ಒರೆಸುತ್ತ ಎಷ್ಟು ಸಲ ನನ್ನ ಮುಂದೆ ಅಂದಿದ್ದಳೋ. ಹೋಗಿ ಕೇಳಬಾರದೇ ಎಂದರೆ, ಕಾಲೇ ಬರುವುದಿಲ್ಲ ಎನ್ನುವಳು.

ನಾರ್ಬರ್ಟ್ ತೀರಿಕೊಂಡ ನಾಲ್ಕನೆಯ ವರ್ಷದ ಮೇಳದಲ್ಲಿ, ಮಧ್ಯಾಹ್ನದ ಸಾಲಿನಲ್ಲಿ ಗೇಲನ್ ನಿಂತಿದ್ದ. ನೂಡಲ್ಸ್ ಬಡಿಸುತ್ತಿದ್ದ ನಾನು ಇವನನ್ನು ಹೊರಗೆ ಹಾಕುತ್ತೇನೆಂದು ಸೌಟು ಹಿಡಿದೇ ಹೊರಟೆ. ವರ್ಡೆಲ್ಲಾ ಕಣ್ಣಲ್ಲೇ ತಡೆದಳು.

"ಎಷ್ಟು ಜನ?" ಎಂದಳು, ಎಲ್ಲರನ್ನೂ ಕೇಳುವ ಹಾಗೆಯೇ.

"ಒಬ್ನೇ."

ಮುಂದಿನ ಖಾಲಿ ಕುರ್ಚಿಯಲ್ಲಿ ಅವನನ್ನು ಕೂರಿಸಿದಳು. ಆಮೇಲೆ ಏಪ್ರನ್ ಬಿಚ್ಚಿ ಅದರ ಪಕ್ಕದ ಕುರ್ಚಿಯಲ್ಲಿ ತಾನೂ ಕೂತಳು. ಅಷ್ಟು ವರ್ಷದಲ್ಲಿ ಅವಳು ಅಲ್ಲಿ ಊಟಕ್ಕೆ ಕೂತದ್ದು ಅದೇ ಮೊದಲು. ನಾನು ಇಬ್ಬರಿಗೂ ತಟ್ಟೆ ಇಟ್ಟೆ, ಅಲ್ಲೇ ನಿಂತೆ. ಸುಳ್ಳು ಯಾಕೆ ಹೇಳಲಿ, ಕೇಳಿಸಿಕೊಳ್ಳಲೆಂದೇ ನಿಂತೆ.

"ಅವತ್ತು ಅವ್ನು ಏನಾದ್ರೂ ಅಂದ್ನಾ, ಗೇಲನ್?"

ಅವನು ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಟೋಪಿ ಎಲ್ಲಿ ಅಂದ್ರು. ಚರಂಡಿಲಿ ಬಿದ್ದಿತ್ತು, ತಂದ್ಕೊಟ್ಟೆ. ಹಾಕ್ಕೊಂಡ್ರು. ಅಷ್ಟೇ, ವರ್ಡೆಲ್ಲಾ. ನಿಮ್ ಹೆಸ್ರು ಏನಾದ್ರೂ ಹೇಳಿದ್ರೆ ಅವತ್ತೇ ಓಡಿ ಬರ್ತಿದ್ದೆ. ಬರೀ ಟೋಪಿ ಅಂತ ಹೆಂಗ್ ಬಂದು ಹೇಳ್ಲಿ?"

ವರ್ಡೆಲ್ಲಾ ಬಾಯಿಗೆ ಕೈ ಅಡ್ಡ ಹಿಡಿದಳು. ಅಳುತ್ತಾಳೆ ಎಂದುಕೊಂಡೆ. ಅವಳು ನಗುತ್ತಿದ್ದಳು.

"ಆ ಹಸಿರು ಟೋಪಿನಾ? ಗಬ್ಬು ನಾರೋದು. ಅದನ್ನ ಸುಟ್ಹಾಕ್ಬೇಕು ಅಂತ ಒಂಬತ್ತು ವರ್ಷ ಕಾದಿದ್ದೆ ಕಣೋ. ಅದು ಅವ್ನಿಗೆ ಗೊತ್ತಿತ್ತು, ನನ್ ಕೈಗೆ ಸಿಗ್ಬಾರ್ದು ಅಂತ್ಲೇ ಕೇಳಿದಾನೆ."

ಆಗ ಅತ್ತಳು. ಅಳುತ್ತಲೇ ಅವನ ತಟ್ಟೆಯನ್ನು ಹತ್ತಿರಕ್ಕೆ ಸರಿಸಿ, ಆರಿಹೋಗುತ್ತೆ, ಉಣ್ಣು ಎಂದಳು. ಇಬ್ಬರೂ ಉಂಡರು.