ಕಲ್ಲಕ್ಕನ ಬಳಗ

ವೀಕ್ಷಣಾಲಯದ ಕೆಳಮಹಡಿಯಲ್ಲಿ ಕೂತು, ದೂರದರ್ಶಕ ತೆಗೆದ ಚಿತ್ರಗಳನ್ನು ದಿನವಿಡೀ ಪರೀಕ್ಷಿಸುವವಳನ್ನು ಎಲ್ಲರೂ ಕರೆಯುವುದು ಕಲ್ಲಕ್ಕ ಎಂದು. ಮಂಗಳ, ಗುರು ಗ್ರಹಗಳ ನಡುವೆ ಸುತ್ತುವ ಲಕ್ಷಾಂತರ ಕ್ಷುದ್ರಗ್ರಹಗಳೆಲ್ಲ ಅವಳಿಗೆ ಸ್ವಂತ ಬಳಗ. "ಕ್ಷುದ್ರ ಅಂತ ಹೆಸರಿಟ್ಟವನು ಕೈಗೆ ಸಿಗಲಿ, ನೋಡ್ಕೋತೀನಿ" ಎಂದು ಗೊಣಗುವಳು. ಆಕಾಶದ ಒಂದೇ ಜಾಗದ ನಾಲ್ಕು ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿದಾಗ ನಕ್ಷತ್ರಗಳು ಅಲ್ಲಾಡುವುದಿಲ್ಲ. ಜರುಗುವ ಚುಕ್ಕಿ ಮಾತ್ರ ಅವಳ ಕಡೆಯದು. ನಾದಿನಿ ಫೋನಿನಲ್ಲಿ "ಅತ್ತಿಗೆ, ಆ ಕಲ್ಲೇನು ಓಡಿಹೋಗತ್ತಾ? ಮೊದಲು ಊಟ ಮಾಡಿ" ಎಂದು ರೇಗಿದರೆ, "ಓಡೋದೇ ಅದರ ಕೆಲಸ ಕಣೇ!" ಎನ್ನುವಳು. ಆದರೆ ಈ ತಿಂಗಳು ಅವಳು ಹುಡುಕುತ್ತಿದ್ದುದು ಒಂದೇ ಕಲ್ಲನ್ನು. ಅವಳಿಗೆ ಕೆಲಸ ಕಲಿಸಿದ ಹಿರಿಯರು ತಮ್ಮ ಕೊನೆಯ ವರ್ಷ ಅದನ್ನು ಕಂಡಿದ್ದರು. ಅದರ ದಾರಿ ಗೊತ್ತಾಗುವ ಮೊದಲೇ ಮೋಡ ಕವಿದು ಅದು ಕಳೆದುಹೋಯಿತು, ಅವರೂ ತೀರಿಕೊಂಡರು. ಮತ್ತೆ ಸಿಕ್ಕರೆ ಮಾತ್ರ ಅವರು ಕಂಡದ್ದು ನಿಜವೆಂದು ಗಟ್ಟಿಯಾಗುವುದು. ಇಂದು, ಅದು ಇರಬಹುದೆಂದು ತಾನು ಅಂದಾಜಿಸಿದ್ದ ಜಾಗದ ಚಿತ್ರಗಳನ್ನು ನೋಡಿದವಳೇ, ಮೂಲೆಯಲ್ಲೊಂದು ಚುಕ್ಕಿ ಜರುಗಿದಂತೆ ಕಂಡು ಎದ್ದಳು. ಆಸೆಪಟ್ಟ ಕಣ್ಣನ್ನು ನಂಬಬಾರದೆಂದು ಕಾವಲುಗಾರನನ್ನು ಕರೆದು ತನ್ನ ಕುರ್ಚಿಯಲ್ಲಿ ಕೂರಿಸಿ, ತಾನು ಗೋಡೆಗೆ ಮುಖಮಾಡಿ ನಿಂತಳು. "ಏನಾದ್ರೂ ಜರುಗತ್ತಾ ನೋಡಪ್ಪ. ಎಲ್ಲಿ ಅಂತ ನಾನು ಹೇಳಲ್ಲ." ಅವನು ಬಹಳ ಹೊತ್ತು ಬಗ್ಗಿ ನೋಡಿದ. "ಅಮ್ಮಾ, ಈ ಮೂಲೇಲಿ ಒಂದು ಪುಟ್ಟದು ಹೊರಟೇಬಿಟ್ಟಿದೆಯಲ್ಲಾ!"